ಎದೆ ತೆಗೆದು ವರ್ಷವಾದ ಮೇಲೂ ಮತ್ತೆ ಕಟ್ಟಿಸಿಕೊಳ್ಳಬಹುದಾ?

ಪ್ರಶ್ನೆ: ನನಗೆ 44 ವರ್ಷ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದೂವರೆ ವರ್ಷದ ಹಿಂದೆ ಕ್ಯಾನ್ಸರ್ ಆಗಿ ಎಡಗಡೆ ಎದೆ ಪೂರ್ತಿ ತೆಗೆದರು. ಕಿಮೋ ಆಯಿತು, ಆಮೇಲೆ 15 ದಿನ ಕರೆಂಟ್ (ರೇಡಿಯೇಷನ್) ಕೊಟ್ಟರು. ಅದು ಮುಗಿದು ಹತ್ತು ತಿಂಗಳು. ಈಗ ದಿನಾ ಒಂದು ಟ್ಯಾಮಾಕ್ಸಿಫೆನ್ ಮಾತ್ರೆ. ಶುಗರ್ ಇದೆ, ಹಿಡಿತದಲ್ಲಿದೆ. ಎರಡೂ ಹೆರಿಗೆ ಸಿಸೇರಿಯನ್. ಬ್ಲೌಸಿನೊಳಗೆ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತೇನೆ. ಮಷಿನ್ ಮುಂದೆ ಬಗ್ಗಿದರೆ ಅದು ಸರಿದು ಕುತ್ತಿಗೆ ಹತ್ತಿರ ಬರುತ್ತದೆ. ಅಳತೆ ಕೊಡಲು ಬಂದವರ ಕಣ್ಣು ಅಲ್ಲೇ ಹೋಗುತ್ತದೆ. ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿದೆ. "ಜೀವ ಉಳಿದಿದೆಯಲ್ಲಮ್ಮ, ಅದೆಲ್ಲ ಯಾಕೆ" ಅಂದರು. ನಾದಿನಿ "ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು" ಅನ್ನುತ್ತಾಳೆ. ಈಗಲೂ ಎದೆ ಮತ್ತೆ ಕಟ್ಟಿಸಿಕೊಳ್ಳಬಹುದಾ? ಹಾಗೆ ಮಾಡಿಸಿದರೆ, ಕ್ಯಾನ್ಸರ್ ತಿರುಗಿ ಬಂದಾಗ ಗೊತ್ತಾಗದೆ ಹೋಗುತ್ತದಾ? ನಮ್ಮದು ಬಿಪಿಎಲ್ ಕಾರ್ಡ್. ಹೆಸರು ಹಾಕಬೇಡಿ.

ಉತ್ತರ: ಖಂಡಿತ ಕಟ್ಟಿಸಿಕೊಳ್ಳಬಹುದು. ಕಾಲ ಮೀರಿಲ್ಲ. ಎದೆ ತೆಗೆದು ಹತ್ತು ವರ್ಷವಾದ ಮೇಲೆ ಬಂದವರಿಗೂ ನಾನು ಈ ಆಪರೇಷನ್ ಮಾಡಿದ್ದೇನೆ. ರೇಡಿಯೇಷನ್ ಮುಗಿದ ಮೇಲೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಎಂದು ನಾವೇ ಹೇಳುತ್ತೇವೆ. ಸುಟ್ಟಂತಾದ ಚರ್ಮ ಅಷ್ಟರಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ನಿಮಗೆ ಹತ್ತು ತಿಂಗಳಾಗಿದೆ. ಅಂದರೆ ಸರಿಯಾದ ಹೊತ್ತಿಗೇ ಕೇಳಿದ್ದೀರಿ.

ನಾದಿನಿಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಅದೇ ಮಾತು ಕೇಳಿ ಎಷ್ಟೋ ಹೆಂಗಸರು ನಮ್ಮ ಹತ್ತಿರ ಬರುವುದೇ ಇಲ್ಲ. ಇದು ಯಾರಿಗೋ ತೋರಿಸಲು ಮಾಡಿಸುವ ಆಪರೇಷನ್ ಅಲ್ಲ. ಮಷಿನ್ ಮುಂದೆ ಬಗ್ಗಿದಾಗ ಬಟ್ಟೆ ಸರಿಯುತ್ತದಾ ಎಂದು ದಿನಕ್ಕೆ ನೂರು ಸಲ ಸೆರಗು ಮುಟ್ಟಿ ನೋಡಿಕೊಳ್ಳುವುದು ಇದೆಯಲ್ಲ, ಅದು ತಪ್ಪಲಿ ಎಂದು ಮಾಡಿಸುವುದು. ಬಸ್ಸಿನಲ್ಲಿ ಕೈ ಎತ್ತಿ ಕಂಬಿ ಹಿಡಿಯಲು, ಮದುವೆ ಮನೆಯಲ್ಲಿ ಬೇರೆಯವರ ಮುಂದೆ ಸೀರೆ ಬದಲಿಸಲು ಹಿಂಜರಿಕೆ ಬಾರದಿರಲಿ ಎಂದು ಮಾಡಿಸುವುದು. ಕೈ ಮುರಿದರೆ ಕೂಡಿಸುತ್ತಾರೆ, ಹಲ್ಲು ಬಿದ್ದರೆ ಕಟ್ಟಿಸುತ್ತಾರೆ. ಆಗ ವಯಸ್ಸೆಷ್ಟು ಎಂದು ಯಾರೂ ಕೇಳುವುದಿಲ್ಲ. ಎದೆಯ ಮಾತು ಬಂದಾಗ ಮಾತ್ರ ಯಾಕೆ ಕೇಳಬೇಕು?

ಡಾಕ್ಟರ್ ಹೇಳಿದ ಮಾತು ನನಗೆ ಇನ್ನೂ ಜಾಸ್ತಿ ನೋವು ಕೊಟ್ಟಿತು. ಜೀವ ಉಳಿಸಿದ್ದು ದೊಡ್ಡದೇ. ಆದರೆ ಉಳಿದ ಜೀವ ಮುಂದೆ ಮೂವತ್ತು ನಲವತ್ತು ವರ್ಷ ಬದುಕಬೇಕು. ಇದರ ದಾರಿಯನ್ನು ಒಂದು ಮಾತು ಹೇಳುವುದೂ ಚಿಕಿತ್ಸೆಯ ಭಾಗವೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2010ರಲ್ಲಿ ಇದಕ್ಕೆಂದೇ ಒಂದು ಕಾನೂನು ಬಂತು. ಎದೆ ತೆಗೆಯುವ ಮೊದಲು, ಮತ್ತೆ ಕಟ್ಟಿಸಿಕೊಳ್ಳುವ ದಾರಿ ಇದೆ, ಅದು ಎಲ್ಲಿ ಸಿಗುತ್ತದೆ, ವಿಮೆ ಕೊಡುತ್ತದಾ ಎಂದು ರೋಗಿಗೆ ತಿಳಿಸಲೇಬೇಕು. ಅಲ್ಲೂ ಬಡವರಿಗೆ, ಕಪ್ಪು ಜನರಿಗೆ, ಹಳ್ಳಿಗಾಡಿನವರಿಗೆ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಹಾಗಾಗಿ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಿಗುವಂತಾಗಿದೆ. ನೀವು ಕೇಳಿದ್ದೀರಿ, ಒಳ್ಳೆಯದಾಯಿತು.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಎದೆ ಮತ್ತೆ ಕಟ್ಟಿದರೆ ಕ್ಯಾನ್ಸರ್ ತಿರುಗಿ ಬರುವ ಸಾಧ್ಯತೆ ಹೆಚ್ಚುವುದಿಲ್ಲ. ಬಂದರೆ ಅಡಗಿ ಕೂರುವುದೂ ಬಹಳ ಅಪರೂಪ. ಆ ಜಾಗದಲ್ಲಿ ಮತ್ತೆ ಬರುವ ಗಂಟು ಹೆಚ್ಚಾಗಿ ಚರ್ಮದಲ್ಲಿ, ಇಲ್ಲವೇ ಚರ್ಮದ ಕೆಳಗೇ ಇರುತ್ತದೆ. ಕೈಗೆ ಸಿಗುತ್ತದೆ. ಹೊಸದಾಗಿ ಇಟ್ಟ ಕೊಬ್ಬಿನಲ್ಲೂ ಕೆಲವೊಮ್ಮೆ ಸಣ್ಣ ಗಟ್ಟಿ ಗಂಟು ಆಗುತ್ತದೆ. ಸ್ವಲ್ಪ ಕೊಬ್ಬಿಗೆ ರಕ್ತ ಸಾಲದೆ ಗಟ್ಟಿಯಾಗುವುದು ಅದು, ಕ್ಯಾನ್ಸರ್ ಅಲ್ಲ. ಆದರೂ ಯಾವ ಗಂಟು ಕಂಡರೂ ತೋರಿಸಿ, ಸ್ಕ್ಯಾನ್ ಮಾಡಿ ನೋಡುತ್ತೇವೆ. ಬಲಗಡೆ ಎದೆಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮಾತ್ರ ತಪ್ಪಿಸಬೇಡಿ.

ಕಟ್ಟುವುದು ಹೇಗೆ? ದಾರಿ ಎರಡು. ಒಂದು, ಸಿಲಿಕೋನ್ ಇಂಪ್ಲಾಂಟ್ ಇಡುವುದು. ಇನ್ನೊಂದು, ನಿಮ್ಮದೇ ಮೈಯ ಚರ್ಮ, ಕೊಬ್ಬು ತಂದು ಕಟ್ಟುವುದು.

ಇಂಪ್ಲಾಂಟ್ 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಶುರುವಾಯಿತು. ಈಗ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ನಡೆಯುವುದು ಇದೇ. ಆಪರೇಷನ್ ಚಿಕ್ಕದು, ಬೇಗ ಮನೆಗೆ ಹೋಗಬಹುದು, ಬೇರೆ ಕಡೆ ಗಾಯ ಇರುವುದಿಲ್ಲ. ಚರ್ಮ ಸಾಲದಿದ್ದರೆ ಮೊದಲು ಒಂದು ಬಲೂನಿನಂಥ ಚೀಲ ಒಳಗಿಟ್ಟು, ವಾರ ಹದಿನೈದು ದಿನಕ್ಕೊಮ್ಮೆ ಸೂಜಿಯಲ್ಲಿ ಸಲೈನ್ ತುಂಬುತ್ತಾ ಚರ್ಮವನ್ನು ಹಿಗ್ಗಿಸುತ್ತೇವೆ. ಆಮೇಲೆ ಅದನ್ನು ತೆಗೆದು ಇಂಪ್ಲಾಂಟ್ ಇಡುತ್ತೇವೆ. ಮೊದಲೆಲ್ಲ ಎದೆಯ ಮಾಂಸಖಂಡದ ಕೆಳಗೆ ಇಡುತ್ತಿದ್ದರು. ಇತ್ತೀಚೆಗೆ ಅದರ ಮೇಲೇ ಇಡುವುದು ಹೆಚ್ಚಾಗಿದೆ, ನೋವು ಕಡಿಮೆ. ಆದರೆ ಇಂಪ್ಲಾಂಟ್ ಜೀವಮಾನಪೂರ್ತಿ ಬಾಳುವ ವಸ್ತುವಲ್ಲ. ಮುಂದೆ ಎಂದಾದರೊಮ್ಮೆ ಬದಲಿಸಬೇಕಾಗಬಹುದು. 2019ರಲ್ಲಿ ಒಂದು ಬಗೆಯ ತರಿತರಿ ಮೇಲ್ಮೈಯ ಇಂಪ್ಲಾಂಟುಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಿದರು. ಅಂಥವನ್ನು ಹಾಕಿಸಿಕೊಂಡ ಕೆಲವರಿಗೆ ಸುತ್ತಲಿನ ಪೊರೆಯಲ್ಲಿ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್ ಬಂದದ್ದು ಕಂಡಿತ್ತು. ಈಗ ನಾವು ಹೆಚ್ಚಾಗಿ ನುಣುಪು ಮೇಲ್ಮೈಯದನ್ನೇ ಇಡುತ್ತೇವೆ.

ನಿಮಗೆ ಮಾತ್ರ ನಾನು ಬರೀ ಇಂಪ್ಲಾಂಟ್ ಹಾಕಿಸಿಕೊಳ್ಳಿ ಎಂದು ಹೇಳುವುದಿಲ್ಲ. ಕಾರಣ, ರೇಡಿಯೇಷನ್. ಆ ಚರ್ಮ ಹಿಗ್ಗುವುದಿಲ್ಲ. ಇಸ್ತ್ರಿ ಹೆಚ್ಚಾಗಿ ಮುದುಡಿದ ಪಾಲಿಯೆಸ್ಟರ್ ಬಟ್ಟೆಯನ್ನು ನೀವು ಎಳೆದು ನೋಡಿರುತ್ತೀರಿ, ಹಾಗೆ. ಒಳಗೆ ಇಂಪ್ಲಾಂಟ್ ಇಟ್ಟರೆ ಅದರ ಸುತ್ತ ಗಟ್ಟಿ ಪೊರೆ ಕಟ್ಟಿ ಹಿಂಡುತ್ತದೆ. ನೋಯುತ್ತದೆ, ಆಕಾರ ಕೆಡುತ್ತದೆ. ಕೆಲವರಿಗೆ ಹೊಲಿಗೆ ಬಿಟ್ಟುಕೊಂಡು ತೆಗೆದೇ ಹಾಕಬೇಕಾಗುತ್ತದೆ. ನಿಮಗೆ ಬೇಕಾಗಿರುವುದು ಹೊಸ ಬಟ್ಟೆ. ಅದು ನಿಮ್ಮ ಮೈಯಲ್ಲೇ ಇದೆ.

ಮೈಯ ಒಂದು ಕಡೆಯ ಚರ್ಮ ಇನ್ನೊಂದು ಕಡೆ ಬದುಕುತ್ತದೆ ಎನ್ನುವುದು ನಮ್ಮ ನೆಲದಲ್ಲಿ ಹಳೆಯ ತಿಳಿವಳಿಕೆ. 1792ರಲ್ಲಿ ಟಿಪ್ಪು ಜೊತೆಗಿನ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿಯವ ಕೌಸ್‌ಜಿ ಎಂಬಾತ ಸೆರೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆ ಕಡೆಯ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ಇಳಿಸಿ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಚಿತ್ರದ ಸಮೇತ ಬಂದಾಗ ಯುರೋಪಿನ ವೈದ್ಯರು ಕಣ್ಣರಳಿಸಿ ನೋಡಿದರು. ಗುಟ್ಟು ಇಷ್ಟೇ: ಚರ್ಮವನ್ನು ಪೂರ್ತಿ ಕತ್ತರಿಸದೆ, ಹೂವಿಗೆ ತೊಟ್ಟು ಬಿಟ್ಟ ಹಾಗೆ ಒಂದು ಕಡೆ ಅಂಟಿಕೊಂಡಿರಲು ಬಿಡುವುದು. ರಕ್ತ ಆ ತೊಟ್ಟಿನಿಂದ ಹರಿಯುತ್ತಿರುತ್ತದೆ. ಎದೆಗೆ ನಾವು ಮಾಡುವುದೂ ಅದೇ.

ಬೆನ್ನಿನಲ್ಲಿ, ಕಂಕುಳ ಹಿಂದಿನಿಂದ ಸೊಂಟದವರೆಗೆ ಬೀಸಣಿಗೆಯಂತೆ ಹರಡಿಕೊಂಡ ಒಂದು ಮಾಂಸಖಂಡವಿದೆ. ಅದರ ತೊಟ್ಟು ಕಂಕುಳಲ್ಲಿ. ತೊಟ್ಟು ಕಡಿಯದೆ ಅದನ್ನು, ಮೇಲಿನ ಒಂದಿಷ್ಟು ಚರ್ಮದ ಸಮೇತ, ಮುಂದಕ್ಕೆ ತಿರುಗಿಸಿ ಎದೆಯ ಜಾಗದಲ್ಲಿ ಕೂರಿಸುತ್ತೇವೆ. ನೂರು ವರ್ಷಕ್ಕೂ ಹಿಂದೆ ಇಟಲಿಯ ತಾನ್ಸಿನಿ ಎಂಬ ಸರ್ಜನ್ ತೋರಿಸಿಕೊಟ್ಟ ದಾರಿ ಇದು. ಮೂರು ನಾಲ್ಕು ಗಂಟೆಯ ಕೆಲಸ. ಮೈಕ್ರೋಸ್ಕೋಪ್ ಬೇಡ. ಹಾಗಾಗಿ ಬೆಂಗಳೂರು ಬಿಟ್ಟು ಬೇರೆ ಊರುಗಳಲ್ಲೂ, ಅನುಭವವಿರುವ ಪ್ಲಾಸ್ಟಿಕ್ ಸರ್ಜನ್ ಇದ್ದ ಕಡೆ ಸಿಗುತ್ತದೆ. ಬೆನ್ನಿನಲ್ಲಿ ಕೆಲವು ವಾರ ನೀರು ಸೇರಿಕೊಳ್ಳುವುದು ಮಾಮೂಲಿ, ಸಿರಿಂಜಿನಲ್ಲಿ ತೆಗೆಯುತ್ತೇವೆ. ಕೈ ಬಲ ಹೋಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಬಾವಿಯಿಂದ ಕೊಡ ಸೇದುವಾಗ, ಮೇಲಿಂದ ಏನಾದರೂ ಕೆಳಗೆ ಜಗ್ಗುವಾಗ ಸ್ವಲ್ಪ ಬಲ ಕಡಿಮೆ ಎನಿಸಬಹುದು. ಬಟ್ಟೆಯನ್ನು ಮುಂದಕ್ಕೆ ತಳ್ಳಿ ಹೊಲಿಯುವುದಕ್ಕೆ ಆ ಮಾಂಸಖಂಡ ಹೆಚ್ಚು ಬೇಕಿಲ್ಲ. ಕೊರತೆ ಒಂದೇ, ಎದೆ ದೊಡ್ಡದಿದ್ದವರಿಗೆ ಬೆನ್ನಿನ ಕೊಬ್ಬು ಸಾಲುವುದಿಲ್ಲ. ಆಗ ಅದರ ಕೆಳಗೆ ಒಂದು ಚಿಕ್ಕ ಇಂಪ್ಲಾಂಟ್ ಇಡಬೇಕಾಗುತ್ತದೆ. ಇಲ್ಲವೇ ತೊಡೆ, ಹೊಟ್ಟೆಯಿಂದ ಕೊಬ್ಬು ಹೀರಿ ಆಮೇಲೆ ಸ್ವಲ್ಪ ಸ್ವಲ್ಪವಾಗಿ ತುಂಬುತ್ತೇವೆ.

ಎರಡನೆಯದು ಹೊಟ್ಟೆಯಿಂದ. ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬು, ಎರಡು ಹೆರಿಗೆಯಾದವರಿಗೆ ಸಾಮಾನ್ಯವಾಗಿ ಬೇಕಾದಷ್ಟಿರುತ್ತದೆ. 1982ರಲ್ಲಿ ಹಾರ್ಟ್‌ರ‍್ಯಾಂಪ್ಫ್ ಎಂಬ ಅಮೆರಿಕದ ಸರ್ಜನ್ ಇದನ್ನು ಹೊಟ್ಟೆಯ ಮಾಂಸಖಂಡದ ಸಮೇತ ಮೇಲಕ್ಕೆ ತರುವುದನ್ನು ತೋರಿಸಿದರು. ಎದೆ ಚೆನ್ನಾಗಿ ಬರುತ್ತಿತ್ತು, ಆದರೆ ಹೊಟ್ಟೆಯ ಗೋಡೆ ಸಡಿಲಾಗಿ ಕೆಲವರಿಗೆ ಹರ್ನಿಯಾ ಆಗುತ್ತಿತ್ತು. ಆಮೇಲೆ ಜಪಾನಿನ ಕೊಶಿಮಾ, ಅಮೆರಿಕದ ರಾಬರ್ಟ್ ಅಲೆನ್ ಮಾಂಸಖಂಡವನ್ನು ಅಲ್ಲೇ ಬಿಟ್ಟು, ಅದರ ನಡುವೆ ಹಾದುಬರುವ ಸಣ್ಣ ರಕ್ತನಾಳಗಳನ್ನು ಮಾತ್ರ ಬಿಡಿಸಿ ತರುವುದನ್ನು ರೂಢಿಗೆ ತಂದರು. ರಕ್ತನಾಳದ ಸಮೇತ ಹೀಗೆ ಬೇರೆ ಕಡೆಯಿಂದ ತರುವ ತುಂಡಿಗೆ ಫ್ಲಾಪ್ ಎನ್ನುತ್ತಾರೆ, ಈ ಬಗೆಯದಕ್ಕೆ ಡೀಪ್ ಫ್ಲಾಪ್. ಇಲ್ಲಿ ತೊಟ್ಟನ್ನೂ ಕತ್ತರಿಸುತ್ತೇವೆ. ಎರಡು ಮೂರು ಮಿಲಿಮೀಟರ್ ದಪ್ಪದ ಆ ನಾಳಗಳನ್ನು ಪಕ್ಕೆಲುಬಿನ ಹತ್ತಿರದ ನಾಳಗಳಿಗೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹೊಲಿಯುತ್ತೇವೆ. ದಾರ ಕೂದಲಿಗಿಂತ ತೆಳು. ನೀವು ಹೊಲಿಗೆಯವರು, ಆ ಕೆಲಸದ ನಾಜೂಕು ನಿಮಗೆ ಹೇಳಿಕೊಡಬೇಕಾಗಿಲ್ಲ. ಆರರಿಂದ ಎಂಟು ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ.

ಆಪರೇಷನ್ ಆದ ಮೊದಲ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಗಂಟೆಗೊಮ್ಮೆ ನರ್ಸ್ ಬಂದು ಹೊಸ ಎದೆಯ ಚರ್ಮ ಬೆಚ್ಚಗಿದೆಯಾ ಎಂದು ಬೆರಳ ಹಿಂಬದಿಯಿಂದ ಮುಟ್ಟಿ ನೋಡುತ್ತಾರೆ. ಒತ್ತಿ ಬಿಟ್ಟರೆ ಬಿಳಚಿ ಮತ್ತೆ ಕೆಂಪಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸುತ್ತಾರೆ. ಪೆನ್ನಿನಂಥ ಡಾಪ್ಲರ್ ಇಟ್ಟರೆ ರಕ್ತ ಹರಿಯುವ ಸದ್ದು ಕೇಳುತ್ತದೆ, ಝುಸ್, ಝುಸ್ ಎಂದು. ಮಂಡ್ಯ ಕಡೆಯ ಒಬ್ಬ ತಾಯಿ ಅದನ್ನು ಕೇಳಿ "ಇದು ನನ್ನ ಹೊಟ್ಟೆ ಸದ್ದಾ, ಎದೆ ಸದ್ದಾ ಡಾಕ್ಟ್ರೇ" ಎಂದು ಕೇಳಿದ್ದರು. ಬೆಳಗಿನವರೆಗೆ ಪ್ರತಿ ಸಲವೂ "ಇನ್ನೊಂದು ಸಲ ಕೇಳಿಸಮ್ಮ" ಎಂದು ನರ್ಸನ್ನು ಕೇಳಿಕೊಳ್ಳುತ್ತಿದ್ದರಂತೆ. ಪಳಗಿದ ಕೈಗಳಲ್ಲಿ ನೂರಕ್ಕೆ ಒಂದೆರಡು, ಮೂರು ಸಲ ನಾಳ ಕಟ್ಟಿಕೊಂಡು ಇಟ್ಟದ್ದು ಉಳಿಯುವುದಿಲ್ಲ. ಬೇಗ ಗೊತ್ತಾದರೆ ವಾಪಸ್ ಥಿಯೇಟರಿಗೆ ಒಯ್ದು ಉಳಿಸಬಹುದು. ಅದಕ್ಕೇ ಆ ಗಂಟೆಗೊಮ್ಮೆಯ ಕಾವಲು. ಅದಕ್ಕೇ ಈ ಆಪರೇಷನ್ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದೂ ಇಲ್ಲ. ಸರ್ಜನ್ ಒಬ್ಬರಿದ್ದರೆ ಸಾಲದು, ರಾತ್ರಿ ಮೂರು ಗಂಟೆಗೆ ಎಚ್ಚರವಿರುವ ನರ್ಸ್ ಬೇಕು, ಅರ್ಧ ಗಂಟೆಯಲ್ಲಿ ತೆರೆಯುವ ಥಿಯೇಟರ್ ಬೇಕು.

ಸಿಸೇರಿಯನ್ ಆಗಿದ್ದರೆ ಹೊಟ್ಟೆಯಿಂದ ತರಲು ಅಡ್ಡಿಯಿಲ್ಲ, ಕೆಳಗೆ ಅಡ್ಡ ಗೆರೆಯ ಗಾಯವಾಗಿದ್ದರೆ. ಹೊಕ್ಕುಳಿಂದ ಕೆಳಗೆ ಉದ್ದ ಗೆರೆಯಿದ್ದರೆ ಒಂದು ಬದಿಗೆ ಸರಿಯಾಗಿ ರಕ್ತ ದಾಟುವುದಿಲ್ಲ, ಆಗ ಸ್ಕ್ಯಾನ್ ಮಾಡಿ ನೋಡಬೇಕು. ಮಕ್ಕಳಾಗದ ಆಪರೇಷನ್ನಿನ ಸಣ್ಣ ಗಾಯಕ್ಕೆ ಹೆದರಬೇಕಿಲ್ಲ. ಶುಗರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 7ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಎಲೆ ಅಡಿಕೆ ಜೊತೆ ತಂಬಾಕು ಹಾಕುವ ಅಭ್ಯಾಸವಿದ್ದರೆ ಒಂದೂವರೆ ತಿಂಗಳ ಮೊದಲೇ ಪೂರ್ತಿ ಬಿಡಬೇಕು. ನಿಕೋಟಿನ್ ಸಣ್ಣ ನಾಳಗಳನ್ನು ಹಿಂಡುತ್ತದೆ. ಟ್ಯಾಮಾಕ್ಸಿಫೆನ್ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ಹೆಚ್ಚಿಸುತ್ತದೆ. ಹಾಗಾಗಿ ಆಪರೇಷನ್ನಿಗೆ ಮೊದಲು ಕೆಲವು ವಾರ ನಿಲ್ಲಿಸುವುದುಂಟು. ಆದರೆ ನೀವಾಗಿ ಒಂದು ದಿನವೂ ಬಿಡಬೇಡಿ, ಕ್ಯಾನ್ಸರ್ ಡಾಕ್ಟರ್ ಹೇಳಿದ ಮೇಲೆ ಮಾತ್ರ.

ಮುಂದೆ ಹೇಗಿರುತ್ತದೆ ಎನ್ನುವುದನ್ನೂ ಮುಚ್ಚಿಡದೆ ಹೇಳಬೇಕು. ಬ್ಲೌಸ್ ಹಾಕಿದಾಗ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಬಟ್ಟೆ ತೆಗೆದಾಗ ಗಾಯದ ಗೆರೆ ಕಾಣುತ್ತದೆ, ಬೆನ್ನಿನ ಅಥವಾ ಹೊಟ್ಟೆಯ ಚರ್ಮದ ಬಣ್ಣ ಬೇರೆಯಾಗಿರುತ್ತದೆ. ಬೇಕೆಂದರೆ ಆರು ತಿಂಗಳ ಮೇಲೆ ಅಲ್ಲಿನದೇ ಚರ್ಮ ಮಡಚಿ ಮೊಲೆತೊಟ್ಟು ಮಾಡುತ್ತೇವೆ, ಸುತ್ತಲಿನ ಕಪ್ಪು ಬಣ್ಣಕ್ಕೆ ಹಚ್ಚೆ ಹಾಕುತ್ತೇವೆ. ಬಲಗಡೆಯದು ಜೋತಿದ್ದರೆ ಸರಿಜೋಡಿಯಾಗಲು ಅದನ್ನೂ ಸ್ವಲ್ಪ ಎತ್ತಬೇಕಾಗಬಹುದು. ಮುಟ್ಟಿದರೆ ಹೆಚ್ಚು ಗೊತ್ತಾಗುವುದಿಲ್ಲ. ಈ ಮಾತು ನೆನಪಿಡಿ: ಅಲ್ಲಿ, ಬೆನ್ನಿನಲ್ಲಿ, ಹೊಟ್ಟೆಯಲ್ಲಿ ಬಿಸಿನೀರಿನ ಚೀಲ ಇಡಲೇಬಾರದು. ಸುಟ್ಟರೂ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣುತ್ತದೆ.

ಇನ್ನು ದುಡ್ಡು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಆಪರೇಷನ್ನಿಗೆ ಮೊದಲೇ ಆಸ್ಪತ್ರೆಯಿಂದ ಅರ್ಜಿ ಹೋಗಿ ಒಪ್ಪಿಗೆ ಬರಬೇಕು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಅವರ ಹತ್ತಿರ "ಕ್ಯಾನ್ಸರಿಗೆ ಎದೆ ತೆಗೆದ ಮೇಲೆ ಫ್ಲಾಪ್ ಹಾಕಿ ಮರುಜೋಡಣೆ ಮಾಡಿಸಬೇಕು, ಯಾವ ಪ್ಯಾಕೇಜಿನಲ್ಲಿ ಬರುತ್ತದೆ" ಎಂದು ಕೇಳಿ. ಸುಮ್ನೆ "ಎದೆ ಪ್ಲಾಸ್ಟಿಕ್ ಸರ್ಜರಿ" ಎಂದು ಕೇಳಿದರೆ ಅದು ಸೌಂದರ್ಯದ ಆಪರೇಷನ್, ಬರುವುದಿಲ್ಲ ಎಂದು ವಾಪಸ್ ಕಳಿಸಿಬಿಡಬಹುದು. ಡಾಕ್ಟರ್ ಬರೆಯುವ ಚೀಟಿಯಲ್ಲೂ ಕ್ಯಾನ್ಸರ್ ಎಂಬ ಮಾತು ಇರಲೇಬೇಕು.

ಖಾಸಗಿ ವಿಮೆ ಇರುವ ಓದುಗರಿಗೂ ಒಂದು ಮಾತು. ನಮ್ಮ ವಿಮಾ ನಿಯಂತ್ರಕರು 2019ರಲ್ಲಿ ಎಲ್ಲ ಆರೋಗ್ಯ ವಿಮೆಗಳಿಗೂ ಒಂದೇ ಥರದ ವಾಕ್ಯಗಳನ್ನು ಗೊತ್ತುಮಾಡಿದರು. ಅದರಲ್ಲಿ ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ ಎನ್ನುವ ಷರತ್ತಿಗೆ ಕೋಡ್ 08. ಅದೇ ವಾಕ್ಯದಲ್ಲಿ, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ಆದ ಮೇಲಿನ ಮರುಜೋಡಣೆಯನ್ನು ಬಿಟ್ಟು ಎಂದೂ ಇದೆ. ಎಷ್ಟೋ ಜನ ಮೊದಲ ಅರ್ಧ ಓದಿ ಸುಮ್ಮನಾಗುತ್ತಾರೆ. ಕ್ಲೇಮ್ ತಿರಸ್ಕರಿಸಿದರೆ ಆ ಸಾಲನ್ನು ತೋರಿಸಿ ಲಿಖಿತ ಉತ್ತರ ಕೇಳಿ. ಅಮೆರಿಕದಲ್ಲಿ 1998ರ ಅಕ್ಟೋಬರಿನಲ್ಲಿ ಬಂದ ಕಾನೂನು ಇದಕ್ಕಿಂತ ಗಟ್ಟಿ. ಎದೆ ತೆಗೆಯಲು ದುಡ್ಡು ಕೊಡುವ ವಿಮೆ ಕಟ್ಟಲೂ ಕೊಡಬೇಕು, ಇನ್ನೊಂದು ಎದೆಯನ್ನು ಸರಿಜೋಡಿ ಮಾಡಲು, ಕೃತಕ ಎದೆಗೆ, ಕೈ ಬಾವಿನ ಚಿಕಿತ್ಸೆಗೂ ಕೊಡಬೇಕು. ಹಾಗಿದ್ದೂ ಅಲ್ಲಿನ ಹಳ್ಳಿಗಳ ಹೆಂಗಸರು ಹಿಂದೆಯೇ ಉಳಿದಿದ್ದಾರೆ, ದೂರ ಅಡ್ಡ ಬರುತ್ತದೆ. ಸರ್ಕಾರವೇ ಖರ್ಚು ನೋಡಿಕೊಳ್ಳುವ ಇಂಗ್ಲೆಂಡಿನಲ್ಲೂ 2008ರ ಸುಮಾರಿಗೆ ನಡೆದ ಲೆಕ್ಕದಲ್ಲಿ, ಎದೆ ತೆಗೆದಾಗಲೇ ಕಟ್ಟಿಸಿಕೊಂಡವರು ನೂರಕ್ಕೆ 21 ಮಂದಿ. ದುಡ್ಡಿನ ದಾರಿ ತೆರೆದರೆ ಅರ್ಧ ಕೆಲಸ ಆದಂತೆ, ಅಷ್ಟೇ. ಹಾವೇರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಎರಡು ಮೂರು ಸಲ ಬರಬೇಕು, ಜೊತೆಗೊಬ್ಬರು ಬೇಕು, ಅಂಗಡಿ ಒಂದೂವರೆ ಎರಡು ತಿಂಗಳು ಮುಚ್ಚಬೇಕು. ಈ ಲೆಕ್ಕವನ್ನೂ ಮನೆಯಲ್ಲಿ ಕೂತು ಹಾಕಿ.

ಮೊದಲು ಹುಬ್ಬಳ್ಳಿಯಲ್ಲಿ ವಿಚಾರಿಸಿ. ಪ್ಲಾಸ್ಟಿಕ್ ಸರ್ಜನ್ ಇದ್ದಾರಾ, ಬೆನ್ನಿನ ಫ್ಲಾಪ್ ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದು ಧೈರ್ಯವಾಗಿ ಕೇಳಿ, ಯಾವ ಡಾಕ್ಟರೂ ಅದಕ್ಕೆ ಬೇಸರ ಮಾಡಿಕೊಳ್ಳಬಾರದು. ಅಲ್ಲಿ ಆಗದಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ರೆಫರ್ ಚೀಟಿ ಬರೆಸಿಕೊಳ್ಳಿ. ನಿಮ್ಮ ಪತ್ರ ಓದಿ ನನಗನಿಸಿದ್ದು, ಬೆನ್ನಿನಿಂದ ತರುವುದೇ ನಿಮಗೆ ಹೊಂದುತ್ತದೆ. ಶುಗರ್ ಇದೆ, ರೇಡಿಯೇಷನ್ ಆಗಿದೆ, ಹತ್ತಿರದ ಊರಿನಲ್ಲೇ ಆಗುವ ಸಾಧ್ಯತೆ ಇದೆ. ಮೈ ನೋಡದೆ ಹೇಳಿದ ಮಾತಿದು, ನೋಡಿದ ಸರ್ಜನ್ ಬೇರೆ ಹೇಳಿದರೆ ಅವರ ಮಾತೇ ಸರಿ.

ಇನ್ನೂ ಎದೆ ತೆಗೆಸದ, ಈಗಷ್ಟೇ ಗಂಟು ಗೊತ್ತಾದ ಅಕ್ಕತಂಗಿಯರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆಪರೇಷನ್ನಿಗೆ ಮೊದಲೇ ಒಂದು ಪ್ರಶ್ನೆ ಕೇಳಿ: "ಪೂರ್ತಿ ತೆಗೆಯಲೇಬೇಕಾ?" 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಬಂದಿದೆ. ಅವರಲ್ಲಿ ಎಷ್ಟೋ ಜನರಿಗೆ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕು. ಇಟಲಿ, ಅಮೆರಿಕದಲ್ಲಿ ಇಪ್ಪತ್ತು ವರ್ಷ ಹಿಂಬಾಲಿಸಿ ನೋಡಿದ ಎರಡು ದೊಡ್ಡ ಅಧ್ಯಯನಗಳ ಫಲ 2002ರಲ್ಲಿ ಬಂತು. ಪೂರ್ತಿ ತೆಗೆದವರು, ಗಂಟು ಮಾತ್ರ ತೆಗೆದವರು, ಇಬ್ಬರ ಆಯಸ್ಸಿನಲ್ಲೂ ವ್ಯತ್ಯಾಸ ಇರಲಿಲ್ಲ. ಗಂಟು ದೊಡ್ಡದಿದ್ದರೆ ಮೊದಲೇ ಕಿಮೋ ಕೊಟ್ಟು ಕುಗ್ಗಿಸಿ ನೋಡಬಹುದು.

ಎಲ್ಲ ಕೇಳಿದ ಮೇಲೆ, ಬೇಡ, ನಾನು ಹೀಗೇ ಇರುತ್ತೇನೆ ಎಂದು ನಿಮಗನಿಸಿದರೆ ಅದೂ ಸರಿಯೇ. ಎದೆ ಸಪಾಟಾಗಿಯೇ ಇರಲಿ ಎಂದು ತಿಳಿದು ಆರಿಸಿಕೊಳ್ಳುವ ಹೆಂಗಸರು ಈಗ ಎಲ್ಲ ಕಡೆ ಇದ್ದಾರೆ. ಹಾಗೆಂದು ಆ ಬಟ್ಟೆಯ ಮಡಿಕೆ ಮಾತ್ರ ಇಂದೇ ಬಿಡಿ. ಅದಕ್ಕೆ ಭಾರವಿಲ್ಲ, ಅದಕ್ಕೇ ಮೇಲೇರುತ್ತದೆ. ಭಾರ ಸಮ ಇಲ್ಲದಿದ್ದರೆ ಆ ಭುಜ ಮೇಲೆದ್ದು ಕುತ್ತಿಗೆ ನೋವು ಶುರುವಾಗುತ್ತದೆ. ಸಿಲಿಕೋನಿನ ಕೃತಕ ಎದೆ ಸಿಗುತ್ತದೆ, ಕೆಲವು ಸಾವಿರ ರೂಪಾಯಿ ಆಗುತ್ತದೆ. ಅದು ಬರುವವರೆಗೆ, ಎರಡು ಪದರ ಕಾಟನ್ನಿನ ಚೀಲಕ್ಕೆ ಮುಂದೆ ಹತ್ತಿ, ಹಿಂದೆ ಕೆಳಭಾಗದಲ್ಲಿ ನವಣೆ ತುಂಬಿ ಹೊಲಿಯಿರಿ. ಬಲಗಡೆಯಷ್ಟೇ ಭಾರ ಬರಲಿ. ನವಣೆಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ಬ್ರಾ ಒಳಗೆ ಒಂದು ಜೇಬು ಹೊಲಿದು ಅದರಲ್ಲಿಟ್ಟರೆ ಎಷ್ಟು ಬಗ್ಗಿದರೂ ಸರಿಯುವುದಿಲ್ಲ. ನನ್ನ ಹತ್ತಿರ ಬರುವ ಒಬ್ಬರು ವರ್ಷಗಟ್ಟಲೆ ಹೀಗೇ ನಡೆಸಿದ್ದರು.

ಸರ್ಜನ್ ಹತ್ತಿರ ಹೋಗುವಾಗ ಬಯಾಪ್ಸಿ ವರದಿ, ಆಪರೇಷನ್ ಮಾಡಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ರೇಡಿಯೇಷನ್ ಎಷ್ಟು ಕೊಟ್ಟರು ಎಂಬ ಕಾಗದ ಒಯ್ಯಿರಿ. ಜೊತೆಗೆ, ಕಾಯಿಲೆಗೆ ಮೊದಲು ನಿಮ್ಮದೇ ಅಳತೆಗೆ ಹೊಲಿದುಕೊಂಡ ಒಂದು ಹಳೆಯ ಬ್ಲೌಸ್ ಇಟ್ಟುಕೊಳ್ಳಿ. ಎಡಗಡೆ ಎಷ್ಟು ಕಟ್ಟಬೇಕು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ನಮಗೆ ಬೇರೆ ಸಿಗುವುದಿಲ್ಲ.